ಬೆಳಗಾವಿಯ ಹವ್ಯಾಸಿ ಬ್ಯಾಂಡ್‌ನಲ್ಲಿ ಬೇಸ್ ಗಿಟಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಹವ್ಯಾಸಕ್ಕಾಗಿ ಬೇಸ್ ಗಿಟಾರ್ ನುಡಿಸುವವನು. ವಾರವಿಡೀ ಬೇರೆ ಕೆಲಸ, ಸಂಜೆ ಮತ್ತು ಭಾನುವಾರ ಬ್ಯಾಂಡ್. ನಾವು ಸ್ವಂತ ಹಾಡು ಕಟ್ಟುವವರಲ್ಲ. ಜನರಿಗೆ ಗೊತ್ತಿರುವ ಸಿನಿಮಾ ಹಾಡು, ಭಾವಗೀತೆ, ಒಂದಷ್ಟು ರಾಕ್ ಹಾಡು ನುಡಿಸುತ್ತೇವೆ. ಹೊಸ ಹುಡುಗರು ಇದನ್ನು ಕವರ್ ಬ್ಯಾಂಡ್ ಅಂತಾರೆ, ಹಿರಿಯರು ಈಗಲೂ ಆರ್ಕೆಸ್ಟ್ರಾ ಅಂತಾರೆ. ಸ್ಟೇಜ್ ಇಳಿದ ಮೇಲೆ ಹುಡುಗರು, ಅವರ ಅಪ್ಪ-ಅಮ್ಮಂದಿರು, ಹೊಸದಾಗಿ ಗುಂಪು ಕಟ್ಟುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

ಮಾಮೂಲಿ ಗಿಟಾರ್‌ಗೂ ಬೇಸ್ ಗಿಟಾರ್‌ಗೂ ಏನು ವ್ಯತ್ಯಾಸ?

ಗಿಟಾರ್‌ಗೆ 6 ತಂತಿ, ಬೇಸ್‌ಗೆ ಸಾಮಾನ್ಯವಾಗಿ 4. ಆ ನಾಲ್ಕರ ಸ್ವರ ಇ, ಎ, ಡಿ, ಜಿ. ಗಿಟಾರ್‌ನ ಕೆಳಗಿನ ನಾಲ್ಕು ಸ್ವರಗಳೇ ಇವು, ಆದರೆ ಒಂದು ಸಪ್ತಕ ಕೆಳಗೆ. ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ನಾದಕ್ಕೆ ತಂತಿ ಉದ್ದ ಇರಬೇಕು. ಅದಕ್ಕೇ ಬೇಸ್‌ನ ತಂತಿಯ ಅಳತೆ 34 ಇಂಚು, ಎಲೆಕ್ಟ್ರಿಕ್ ಗಿಟಾರ್‌ನದು ಸುಮಾರು 25 ಇಂಚು.

ಗುಂಪಿಗೆ ಕೆಳಗಿನ ನಾದ ಕೊಡುವ ಕೆಲಸವನ್ನು ಮೊದಲು ನಿಂತು ನುಡಿಸುವ ದೊಡ್ಡ ಡಬಲ್ ಬೇಸ್ ಮಾಡುತ್ತಿತ್ತು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದರು. ಹೆಗಲಿಗೆ ಹಾಕಿಕೊಂಡು ಹೋಗುವ, ಕುತ್ತಿಗೆಯ ಮೇಲೆ ಫ್ರೆಟ್ ಅನ್ನುವ ಅಡ್ಡ ಲೋಹದ ಪಟ್ಟಿಗಳಿರುವ ಬೇಸ್ ಜನಪ್ರಿಯವಾಗಿದ್ದು ಆಮೇಲೆ. ಇವತ್ತು ನಾವು ಅಂಗಡಿಯಲ್ಲಿ ನೋಡುವ ಬಹುಪಾಲು ಬೇಸ್‌ಗಳ ಮೈಕಟ್ಟು ಅಲ್ಲಿಂದ ಮತ್ತು 1960ರಲ್ಲಿ ಅದೇ ಫೆಂಡರ್ ತಂದ ಜಾಝ್ ಬೇಸ್ ಮಾದರಿಯಿಂದ ಬಂದದ್ದು.

ಕೀಬೋರ್ಡ್‌ನವರೇ ಎಡಗೈಯಲ್ಲಿ ಬೇಸ್ ನುಡಿಸ್ತಾರಲ್ಲ, ಬೇರೆ ಒಬ್ಬರು ಯಾಕೆ ಬೇಕು?

ಈ ಪ್ರಶ್ನೆಯನ್ನು ಕಾರ್ಯಕ್ರಮ ಇಡಿಸುವವರು ಕೇಳುತ್ತಾರೆ. ಯಾಕೆಂದರೆ ಒಬ್ಬರ ಖರ್ಚು ಉಳಿಯುತ್ತದೆ. ರಸಮಂಜರಿ ಕಾರ್ಯಕ್ರಮಗಳಲ್ಲಿ ಬಜೆಟ್ ಕಮ್ಮಿ ಆದಾಗ ಮೊದಲು ಬಿಟ್ಟುಹೋಗುವುದು ಬೇಸ್ ಗಿಟಾರೇ.

ಒಳ್ಳೆ ಕೀಬೋರ್ಡ್ ವಾದಕರು ಎಡಗೈಯಲ್ಲಿ ಬೇಸ್ ಚೆನ್ನಾಗಿಯೇ ನುಡಿಸುತ್ತಾರೆ. ಅದರಲ್ಲಿ ಅನುಮಾನ ಇಲ್ಲ. ಕಷ್ಟ ಬರುವುದು ಹಾಡಿನ ನಡುವಿನ ಮ್ಯೂಸಿಕ್‌ನಲ್ಲಿ. ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಮುಂಚೆ ವಯಲಿನ್ ಗುಂಪು, ಕೊಳಲು, ಸಿತಾರ್ ಎಲ್ಲ ಒಬ್ಬರೇ ನುಡಿಸಬೇಕು. ಎರಡೂ ಕೈ ಅದಕ್ಕೇ ಬೇಕು. ಆಗ ಬೇಸ್ ನಿಂತುಹೋಗುತ್ತದೆ. ಹಾಡು ತುಂಬಿಕೊಳ್ಳಬೇಕಾದ ಜಾಗದಲ್ಲೇ ತೆಳ್ಳಗಾಗುತ್ತದೆ. ಕೇಳುವವರಿಗೆ ಏನು ಕಮ್ಮಿ ಆಯ್ತು ಅಂತ ಹೇಳೋಕೆ ಬರಲ್ಲ, ಆದರೆ ಕುಣಿಯುತ್ತಿದ್ದವರು ನಿಲ್ಲುತ್ತಾರೆ.

ಇನ್ನೊಂದು ಕಾರಣವೂ ಇದೆ. ಹಳೆಯ ಸಿನಿಮಾ ಹಾಡುಗಳಲ್ಲಿ ಬೇಸ್ ಸುಮ್ನೆ ಕಾರ್ಡ್‌ನ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ, ಮೂಲಸ್ವರ ಹಿಡಿದು ಕೂತಿಲ್ಲ. ಇಳಯರಾಜ ಅವರ ಸಂಗೀತದಲ್ಲಿ ಬೇಸ್ ತಾನೇ ಒಂದು ರಾಗ ಹಾಡುತ್ತಾ ಹೋಗುತ್ತದೆ. ಆರ್.ಡಿ. ಬರ್ಮನ್ ಅವರ ಹಾಡುಗಳಿಗೆ ಟೋನಿ ವಾಜ್ ನುಡಿಸಿದ ಬೇಸ್ ಕೇಳಿ. ಮುಂಬೈನ ಸಿನಿಮಾ ವಾದ್ಯವೃಂದಗಳಲ್ಲಿ ಗೋವಾ ಮೂಲದ ವಾದಕರು ಎಷ್ಟೋ ಜನ ಇದ್ದರು. ಚೋರ್ಲಾ ಘಟ್ಟ ಇಳಿದರೆ ಗೋವಾ ಸಿಗುವ ನಮ್ಮ ಊರಿಗೆ ಆ ಪರಂಪರೆ ದೂರದ್ದಲ್ಲ. ಆ ಬೇಸ್ ಬಿಟ್ಟು ಅದೇ ಹಾಡು ನುಡಿಸಿದರೆ ಹಾಡಿನ ಅರ್ಧ ಮಾತ್ರ ಕೊಟ್ಟ ಹಾಗೆ ಅಂತ ನಾನು ನಂಬುತ್ತೇನೆ.

ನನಗೆ ಗಿಟಾರ್ ಬರುತ್ತೆ. ಬೇಸ್ ಸುಲಭ ಅಲ್ವಾ?

ಸ್ವರ ಎಲ್ಲಿದೆ ಅಂತ ಹುಡುಕುವುದು ಸುಲಭ. ಅಲ್ಲಿಗೆ ಸುಲಭ ಮುಗಿಯಿತು.

ಬೇಸ್‌ನಲ್ಲಿ ಮೊದಲ ಫ್ರೆಟ್‌ನ ಅಗಲವೇ ಸುಮಾರು 48 ಮಿಲಿಮೀಟರ್. ಗಿಟಾರ್‌ನಲ್ಲಿ ಅದು 36ರ ಹತ್ತಿರ. ಒಂದೊಂದು ಬೆರಳಿಗೆ ಒಂದೊಂದು ಫ್ರೆಟ್ ಅಂತ ಕೆಳಗಿನ ಜಾಗದಲ್ಲಿ ಹಟ ಹಿಡಿದರೆ ಮಣಿಕಟ್ಟು ನೋಯುತ್ತದೆ. ಅಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು, ಈ ಮೂರರಲ್ಲೇ ಮೂರು ಫ್ರೆಟ್ ನುಡಿಸಿ. ಉಂಗುರ ಬೆರಳು ಕಿರುಬೆರಳಿಗೆ ಆಸರೆ ಕೊಡಲಿ. ಡಬಲ್ ಬೇಸ್ ನುಡಿಸುವವರು ಹಿಂದಿನಿಂದ ಹೀಗೇ ಮಾಡಿಕೊಂಡು ಬಂದಿದ್ದಾರೆ.

ಆಮೇಲೆ ಸ್ವರ ನಿಲ್ಲಿಸುವುದನ್ನು ಕಲಿಯಬೇಕು. ಬೇಸ್‌ನಲ್ಲಿ ಸ್ವರ ಎಲ್ಲಿ ಶುರುವಾಗುತ್ತದೆ ಅನ್ನುವಷ್ಟೇ ಎಲ್ಲಿ ಮುಗಿಯುತ್ತದೆ ಅನ್ನುವುದೂ ಮುಖ್ಯ. ಮುಟ್ಟದ ತಂತಿ ಕೂಡ ಸುಮ್ಮನೆ ಇರುವುದಿಲ್ಲ, ಪಕ್ಕದ್ದು ಮೊಳಗಿದರೆ ತಾನೂ ಮೊಳಗುತ್ತದೆ. ಬಲಗೈ ಹೆಬ್ಬೆರಳು, ಎಡಗೈಯ ಖಾಲಿ ಬೆರಳು ಎರಡೂ ಅದನ್ನು ಒತ್ತಿ ಹಿಡಿದಿರಬೇಕು. ಗಿಟಾರ್‌ನಿಂದ ಬಂದವರಿಗೆ ಇದಕ್ಕೇ ಜಾಸ್ತಿ ದಿನ ಬೇಕಾಗುತ್ತದೆ.

ಮೊದಲ ಬೇಸ್ ಯಾವುದು ತಗೊಳ್ಳಲಿ?

ನಾಲ್ಕು ತಂತಿಯದು, ಹೆಸರು ಗೊತ್ತಿರುವ ಕಂಪನಿಯ ಆರಂಭದ ಮಾದರಿ ಸಾಕು. ಯಾರಾದರೂ ಗುಂಪು ಬಿಟ್ಟು ಊರು ಬಿಟ್ಟು ಹೋಗುವಾಗ ಮಾರುವ ಹಳೆಯ ಬೇಸ್ ಇನ್ನೂ ಒಳ್ಳೆಯದು. ತಗೊಳ್ಳುವ ಮುಂಚೆ ಪ್ರತಿ ತಂತಿಯನ್ನೂ 12ನೇ ಫ್ರೆಟ್‌ವರೆಗೆ ಒಂದೊಂದಾಗಿ ನುಡಿಸಿ. ಎಲ್ಲಾದರೂ ಝರ್ ಅಂತ ಬಡಿಯುತ್ತಾ, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಾ, ಕುತ್ತಿಗೆ ಬಾಗಿದೆಯಾ ನೋಡಿ. ಹೆಗಲಿಗೆ ಹಾಕಿಕೊಂಡು ಹತ್ತು ನಿಮಿಷ ನಿಲ್ಲಿ. ಬೇಸ್ ಸುಮಾರು 4 ಕಿಲೋ ತೂಗುತ್ತದೆ, ಎರಡು ಗಂಟೆ ಕಾರ್ಯಕ್ರಮದಲ್ಲಿ ಅದು ಗೊತ್ತಾಗುತ್ತದೆ. ಅಗಲದ ಬೆಲ್ಟ್‌ಗೆ ದುಡ್ಡು ಹಾಕಿ.

ಗಿಟಾರ್ ಆಂಪ್‌ಗೆ, ಅಂದರೆ ಗಿಟಾರ್‌ನ ದನಿ ಏರಿಸುವ ಪೆಟ್ಟಿಗೆಗೆ, ಬೇಸ್ ಹಾಕಿ ಜೋರಾಗಿ ನುಡಿಸಬೇಡಿ, ಸ್ಪೀಕರ್ ಹರಿಯಬಹುದು. ಮನೆಯಲ್ಲಿ ಹೆಡ್‌ಫೋನ್ ಹಾಕುವ ಚಿಕ್ಕ ಆಂಪ್ ಸಾಕು.

ಮೊಬೈಲ್‌ನಲ್ಲಿ ಹಾಡು ಕೇಳಿ ಬೇಸ್ ಎತ್ತೋಕೆ ಹೋದರೆ ಏನೂ ಕೇಳಿಸಲ್ಲ. ಏನು ಮಾಡಲಿ?

ಮೊಬೈಲ್ ಸ್ಪೀಕರ್‌ನಿಂದ ಅಷ್ಟು ಕೆಳಗಿನ ನಾದ ಹೊರಗೆ ಬರುವುದೇ ಇಲ್ಲ. ಅದು ನಿಮ್ಮ ಕಿವಿಯ ತಪ್ಪಲ್ಲ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ. ಹಾಡನ್ನು ನಿಧಾನ ಮಾಡುವ, ಶ್ರುತಿ ಏರಿಸುವ ಆಪ್‌ಗಳಿವೆ. ಇಡೀ ಹಾಡನ್ನು ಒಂದು ಸಪ್ತಕ ಮೇಲೆ ಏರಿಸಿ ಕೇಳಿ ನೋಡಿ. ಗಾಯಕರ ದನಿ ಕೀರಲಾಗುತ್ತದೆ, ಆದರೆ ಅಡಿಯಲ್ಲಿ ಹುದುಗಿದ್ದ ಬೇಸ್ ಎದ್ದು ಕಾಣುತ್ತದೆ.

ಮೊದಲು ಬಾಯಲ್ಲಿ ಗುನುಗಿ, ಆಮೇಲೆ ಕೈಗೆ ತನ್ನಿ. ಅಂತರ್ಜಾಲದಲ್ಲಿ ಸಿಗುವ ಟ್ಯಾಬ್, ಅಂದರೆ ಯಾವ ತಂತಿಯ ಯಾವ ಫ್ರೆಟ್ ಅಂತ ಬರೆದ ಹಾಳೆ, ನೋಡಿ ಕಲಿತರೆ ಬೆರಳಿಗೆ ಬರುತ್ತದೆ, ಕಿವಿಗೆ ಬರಲ್ಲ. ಸ್ಟೇಜ್ ಮೇಲೆ ಕೈ ಹಿಡಿಯುವುದು ಕಿವಿ.

ಗಾಯಕರು ಕೊನೇ ಗಳಿಗೆಯಲ್ಲಿ ಶ್ರುತಿ ಬದಲಿಸಿದರೆ?

ಬದಲಿಸಿಯೇ ಬದಲಿಸುತ್ತಾರೆ. ಗಂಟಲು ಕಟ್ಟಿರುತ್ತದೆ, ಇಲ್ಲವೇ ಬೇರೆಯವರು ಹಾಡಲು ಬಂದಿರುತ್ತಾರೆ. ನಮ್ಮ ಕಡೆ ಹಿಂದೂಸ್ತಾನಿ ಕಲಿತ ಗಾಯಕರು ಜಾಸ್ತಿ. ಅವರು ಸಿ, ಡಿ ಅನ್ನುವುದಿಲ್ಲ, ಹಾರ್ಮೋನಿಯಂನ ಕರಿ-ಬಿಳಿ ಮನೆಗಳ ಲೆಕ್ಕದಲ್ಲಿ ಕರಿ ಎರಡು, ಬಿಳಿ ನಾಲ್ಕು ಅಂತಾರೆ. ಗಿಟಾರ್ ಕ್ಲಾಸ್‌ನಿಂದ ಬಂದ ಹುಡುಗ ಅಲ್ಲೇ ತಬ್ಬಿಬ್ಬಾಗುತ್ತಾನೆ. ಈ ಲೆಕ್ಕ ಕಲಿಯುವುದು ಅರ್ಧ ಗಂಟೆಯ ಕೆಲಸ.

ಬಿಳಿ ಒಂದು ಅಂದರೆ ಸಿ, ಎ ತಂತಿಯ 3ನೇ ಫ್ರೆಟ್. ಕರಿ ಒಂದು ಅಂದರೆ ಸಿ ಶಾರ್ಪ್, ಅದರ ಮುಂದಿನದು. ಕರಿ ಎರಡು ಅಂದರೆ ಡಿ ಶಾರ್ಪ್, ಎ ತಂತಿಯ 6ನೇ ಫ್ರೆಟ್. ಬಿಳಿ ನಾಲ್ಕು ಎಫ್, ಇ ತಂತಿಯ ಮೊದಲ ಫ್ರೆಟ್. ಬೇಸ್‌ನ ತೆರೆದ ತಂತಿಗಳು, ಅಂದರೆ ಎಡಗೈಯಲ್ಲಿ ಒತ್ತದೆ ನುಡಿಸುವ ತಂತಿಗಳು, ಬಿಳಿ ಮೂರು, ಬಿಳಿ ಆರು, ಬಿಳಿ ಎರಡು, ಬಿಳಿ ಐದು. ಇಷ್ಟನ್ನು ಬರೆದು ಗಿಟಾರ್ ಚೀಲದಲ್ಲಿ ಇಟ್ಟುಕೊಳ್ಳಿ.

ಬೇಸ್‌ನಲ್ಲಿ ಒಂದು ಅನುಕೂಲ ಇದೆ. ಎಲ್ಲ ತಂತಿಗಳ ನಡುವೆ ಅಂತರ ಒಂದೇ. ಹಾಗಾಗಿ ಒಂದು ಶ್ರುತಿಯಲ್ಲಿ ಕಲಿತ ಬೆರಳಿನ ವಿನ್ಯಾಸವನ್ನು ಹಾಗೇ ಮೇಲೆ ಕೆಳಗೆ ಜಾರಿಸಬಹುದು. ತೆರೆದ ತಂತಿ ಬಳಸಿ ಕಲಿತಿದ್ದರೆ ಮಾತ್ರ ಅದು ಆಗಲ್ಲ. ಅದಕ್ಕೇ ಪ್ರತಿ ಹಾಡನ್ನೂ ತೆರೆದ ತಂತಿ ಇಲ್ಲದೆ ಒಮ್ಮೆ ನುಡಿಸಿ ನೋಡಿ. ಬಿಳಿ ಮೂರರಲ್ಲಿದ್ದ ಹಾಡು ಕರಿ ಎರಡಕ್ಕೆ ಇಳಿದರೆ ನಿಮ್ಮ ಕೆಳಗಿನ ಸ್ವರವೇ ಸಿಗುವುದಿಲ್ಲ. ಆಗ ಒಂದು ಸಪ್ತಕ ಮೇಲೆ ನುಡಿಸಿ. ಇಂಥದ್ದು ಪದೇ ಪದೇ ಆಗುತ್ತಿದ್ದರೆ ಇನ್ನೂ ಕೆಳಗಿನ ತಂತಿ ಇರುವ ಐದು ತಂತಿಯ ಬೇಸ್ ತಗೊಳ್ಳುವ ಯೋಚನೆ ಮಾಡಬಹುದು.

ನಮ್ಮ ಗುಂಪಲ್ಲಿ ಡ್ರಮ್ಸ್ ಇಲ್ಲ. ತಬಲಾ, ಢೋಲಕ್, ರಿದಮ್ ಪ್ಯಾಡ್ ಅಷ್ಟೇ. ಬೇಸ್ ಹೇಗೆ ನುಡಿಸಲಿ?

ರಾಕ್ ಬ್ಯಾಂಡ್‌ನಲ್ಲಿ ಡ್ರಮ್ಮರ್‌ನ ಕಾಲಿನ ದೊಡ್ಡ ಡ್ರಮ್ ಜೊತೆ ಬೇಸ್ ಕೂಡಿಸುತ್ತೇವೆ. ತಬಲಾ ಇದ್ದಾಗ ಡಗ್ಗಾ, ಅಂದರೆ ಜೋಡಿಯಲ್ಲಿ ಕೆಳಗಿನ ನಾದದ ದೊಡ್ಡದು, ಕೇಳಿ. ಕೆಹರವಾ ತಾಳದ ಎಂಟು ಮಾತ್ರೆ ಧಾ ಗೆ ನಾ ತಿ, ನಾ ಕ ಧಿ ನಾ ಅಂತ ಇದೆ ಅಲ್ವಾ? ಡಗ್ಗಾ ತೆರೆದು ಮೊಳಗುವುದು ಧಾ, ಗೆ, ಧಿ ಇದ್ದಲ್ಲಿ. ಬೇಸ್ ಅಲ್ಲಿ ಕೂಡಲಿ. ನಡುವಿನ ನಾ ತಿ ನಾ ಕ ಇದ್ದ ಕಡೆ ಸ್ವರ ಬಿಟ್ಟು ಕಾಯಿರಿ. ಆ ಖಾಲಿ ಜಾಗದಿಂದಲೇ ಹಾಡಿಗೆ ನಡೆ ಬರುತ್ತದೆ. ಆರು ಮಾತ್ರೆಯ ದಾದ್ರಾದಲ್ಲಿ ಒಂದನೇ ಮಾತ್ರೆಯನ್ನು ಗಟ್ಟಿ ಹಿಡಿದರೆ ಬಹಳಷ್ಟು ಭಾವಗೀತೆಗಳಿಗೆ ಸಾಕು.

ತಬಲಾದವರ ಪಕ್ಕದಲ್ಲೇ ನಿಲ್ಲಿ. ಸ್ಟೇಜ್ ಮೇಲೆ ನಾನು ಮೊದಲು ಕೇಳಿಕೊಳ್ಳುವ ಜಾಗ ಅದು.

ಬೆಳಗಾವಿಯಲ್ಲಿ ನುಡಿಸಲು ಅವಕಾಶ ಎಲ್ಲಿ ಸಿಗುತ್ತೆ?

ಕಾಲೇಜಿನ ಗ್ಯಾದರಿಂಗ್‌ನಿಂದ ಹೆಚ್ಚಿನವರ ಶುರು. ಆಮೇಲೆ ಮಂಗಲ ಕಾರ್ಯಾಲಯದ ರಿಸೆಪ್ಷನ್, ದಂಡು ಪ್ರದೇಶವಾದ ಕ್ಯಾಂಪ್ ಕಡೆ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಕಾರ್ಯಕ್ರಮ, ಖಾನಾಪುರ, ಬೈಲಹೊಂಗಲ ಕಡೆಯ ಜಾತ್ರೆ, ನವೆಂಬರ್‌ನಲ್ಲಿ ರಾಜ್ಯೋತ್ಸವ. ಗಣೇಶೋತ್ಸವ ಇಲ್ಲಿ ದೊಡ್ಡದು. 1905ರಲ್ಲಿ ತಿಲಕರು ಇಲ್ಲಿ ಸಾರ್ವಜನಿಕ ಗಣೇಶೋತ್ಸವ ಶುರು ಮಾಡಿಸಿದರು, ಅಂದಿನಿಂದ ಮಂಡಳಿಗಳು ಬೆಳೆಯುತ್ತಲೇ ಬಂದಿವೆ. ಮೆರವಣಿಗೆ ಈಗ ಡಿಜೆ ಮತ್ತು ಢೋಲ್ ತಾಶಾದ ಪಾಲು. ನಮಗೆ ಸಿಗುವುದು ಪೆಂಡಾಲ್‌ನ ಸಂಜೆಯ ಕಾರ್ಯಕ್ರಮ.

ಇಲ್ಲಿ ಕೇಳುವವರು ಕನ್ನಡ, ಮರಾಠಿ, ಕೊಂಕಣಿ, ಹಿಂದಿ, ಉರ್ದು ಎಲ್ಲ ಮಾತಾಡುವವರು. ಬಡಾವಣೆಯಿಂದ ಬಡಾವಣೆಗೆ ಹಾಡಿನ ಪಟ್ಟಿ ಬದಲಾಗುತ್ತದೆ. ಕರೆದವರನ್ನು ಮೊದಲೇ ಕೇಳಿ ಪಟ್ಟಿ ಮಾಡಿ. ಬೇಸ್ ನುಡಿಸುವವರಿಗೆ ಇದು ನಿಜವಾಗಿ ದೊಡ್ಡ ಪಾಠಶಾಲೆ. ಒಂದೇ ಸಂಜೆ ಲಾವಣಿಯ ಠೇಕಾ, ಕನ್ನಡದ ಯುಗಳಗೀತೆ, ಗೋವಾ ಶೈಲಿಯ ಕುಣಿತದ ಹಾಡು, ಹಿಂದಿಯ ಡಿಸ್ಕೋ ನುಡಿಸುವ ಅವಕಾಶ ಇಂಥ ಗಡಿ ಊರಲ್ಲೇ ಸಿಗುವುದು.

ಪ್ರಾಕ್ಟೀಸ್ ಮಾಡಿದರೆ ಪಕ್ಕದ ಮನೆಯವರು ಬೈತಾರೆ.

ಅವರು ಹೇಳುವುದು ಸರಿಯೇ ಇದೆ. ಬೇಸ್‌ನ ಅಲೆ ಉದ್ದ, ಕೆಳಗಿನ ಇ ಸ್ವರದ್ದು 8 ಮೀಟರ್‌ಗೂ ಜಾಸ್ತಿ. ಹಾಡುವ ದನಿಯನ್ನು ಬಾಗಿಲು ತಡೆಯುತ್ತದೆ, ಬೇಸ್ ಗೋಡೆ ದಾಟುತ್ತದೆ. ಗೋಡೆಗೆ ಹಾಸಿಗೆ, ತಟ್ಟಿನ ಚೀಲ ಹೊಡೆದರೆ ಅದು ನಿಲ್ಲಲ್ಲ. ಮನೆಯಲ್ಲಿ ಎಲ್ಲರೂ ಕಮ್ಮಿ ದನಿಯಲ್ಲಿ ಕೂತು ನುಡಿಸಿ. ಪೂರ್ತಿ ದನಿ ಬೇಕಿದ್ದರೆ ಕಾರ್ಖಾನೆಗಳಿರುವ ಉದ್ಯಮಬಾಗ ಕಡೆ ಪರಿಚಯದವರ ಶೆಡ್ ರಜೆ ದಿನ ಸಿಗುತ್ತಾ ಕೇಳಿ. ಕಮ್ಮಿ ದನಿಯ ಪ್ರಾಕ್ಟೀಸ್‌ನಲ್ಲಿ ತಪ್ಪು ಬೇಗ ಕೇಳಿಸುತ್ತದೆ, ಅದೂ ಒಂದು ಲಾಭ.

ಸ್ಟೇಜ್ ಮೇಲೆ ನನ್ನ ಬೇಸ್ ನನಗೇ ಕೇಳಿಸಲ್ಲ, ಹಾಲ್‌ನಲ್ಲಿ ಮಾತ್ರ ಗುಂಯ್ ಅನ್ನುತ್ತೆ ಅಂತಾರೆ.

ಕಲ್ಲು ಹಾಸಿನ ನೆಲ, ಬರಿ ಗೋಡೆ, ಎತ್ತರದ ಛಾವಣಿ ಇರುವ ಕಾರ್ಯಾಲಯಗಳಲ್ಲಿ ಇದು ಯಾವಾಗಲೂ ಇದ್ದದ್ದೇ. ಕೆಳಗಿನ ನಾದ ಗೋಡೆಗೆ ಬಡಿದು ವಾಪಸ್ ಬಂದು ಒಂದರ ಮೇಲೊಂದು ಸೇರಿಕೊಳ್ಳುತ್ತದೆ. ಆಗ ಬೇಸ್ ಗುಂಡಿ ಏರಿಸಬೇಡಿ, ಇಳಿಸಿ. ನಡುವಿನ ಭಾಗವನ್ನು, ಅಂದರೆ 700-800 ಹರ್ಟ್ಜ್ ಆಸುಪಾಸನ್ನು, ಸ್ವಲ್ಪ ಏರಿಸಿ. ಸ್ವರ ಬಿಡಿಬಿಡಿಯಾಗಿ ಕೇಳಿಸುತ್ತದೆ. ಕಮ್ಮಿ ಸ್ವರ ನುಡಿಸಿ, ಚಿಕ್ಕದಾಗಿ ನುಡಿಸಿ.

ಕುಮಾರ ಗಂಧರ್ವ ರಂಗಮಂದಿರದಂಥ ಜಾಗ ಸಿಕ್ಕ ದಿನ ಬೇರೆ ಥರ ಹೊಂದಿಸಬೇಕಾಗುತ್ತದೆ. ಜನ ತುಂಬಿದ ಮೇಲೂ ದನಿ ಬದಲಾಗುತ್ತದೆ. ಆದ್ದರಿಂದ ಸೌಂಡ್‌ನವರ ಜೊತೆ ಗೌರವದಿಂದ ಇರಿ, ಬೇಗ ಹೋಗಿ, ಅವರ ಜೊತೆ ಚಹಾ ಕುಡಿಯಿರಿ. ಬೇಸ್ ಅನ್ನು ನೇರ ಮಿಕ್ಸರ್‌ಗೆ ಸೇರಿಸುವ ನಿಮ್ಮದೇ ಡಿ.ಐ. ಬಾಕ್ಸ್ ಮತ್ತು ಎರಡು ಒಳ್ಳೆ ಕೇಬಲ್ ಒಯ್ಯಿರಿ.

ಮೈಕ್‌ಗೆ ತುಟಿ ತಾಗಿದರೆ ಶಾಕ್ ಹೊಡೆಯುತ್ತೆ. ಯಾಕೆ?

ಅರ್ಥಿಂಗ್ ಸರಿ ಇಲ್ಲ. ನಿಮ್ಮ ಕೈ ತಂತಿಯ ಮೇಲಿದೆ, ತಂತಿ ಆಂಪ್‌ನ ಅರ್ಥ್‌ಗೆ ಸೇರಿದೆ, ಮೈಕ್ ಬೇರೆ ಲೈನಿನಲ್ಲಿದೆ. ಎರಡರ ನಡುವೆ ವ್ಯತ್ಯಾಸ ಇದ್ದರೆ ಕರೆಂಟ್ ನಿಮ್ಮ ಮೈಯಿಂದ ಹೋಗುತ್ತದೆ. ಇದನ್ನು ಯಾವತ್ತೂ ಸುಮ್ನೆ ಬಿಡಬೇಡಿ, ಜೀವ ಹೋಗಬಹುದು. ನುಡಿಸುವುದು ನಿಲ್ಲಿಸಿ, ಸರಿಪಡಿಸುವವರೆಗೆ ಹತ್ತಬೇಡಿ. ಆಂಪ್ ಮತ್ತು ಮಿಕ್ಸರ್ ಒಂದೇ ಅರ್ಥ್ ಇರುವ ಲೈನಿನಿಂದ ತೆಗೆದುಕೊಳ್ಳುವಂತೆ ಹೇಳಿ. ಜನರೇಟರ್ ಮೇಲೆ ನಡೆಯುವ ಜಾತ್ರೆಯಲ್ಲಿ, ಮಳೆಗೆ ಒದ್ದೆಯಾದ ಸ್ಟೇಜ್ ಮೇಲೆ ಇನ್ನೂ ಹುಷಾರು.

ದುಡ್ಡು ಸಿಗುತ್ತಾ?

ಸಿಗುತ್ತದೆ, ಜೀವನಕ್ಕೆ ಆಗುವಷ್ಟಲ್ಲ. ಸೌಂಡ್, ಗಾಡಿ, ಊಟದ ಖರ್ಚು ಕಳೆದು ಉಳಿದದ್ದನ್ನು ಸಮನಾಗಿ ಹಂಚುವ ಗುಂಪು ಬಹಳ ದಿನ ಬಾಳುತ್ತದೆ. ಹಾಡುವವರಿಗೆ ಜಾಸ್ತಿ, ನುಡಿಸುವವರಿಗೆ ಕಮ್ಮಿ ಅನ್ನುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಎಷ್ಟು ಅನ್ನುವುದು ಮೊದಲ ಪ್ರಾಕ್ಟೀಸ್‌ಗೆ ಮುಂಚೆಯೇ ಎಲ್ಲರಿಗೂ ಗೊತ್ತಿರಲಿ.

ಅರ್ಧ ಅಡ್ವಾನ್ಸ್ ತಗೊಳ್ಳಿ, ಉಳಿದದ್ದನ್ನು ಸ್ಟೇಜ್ ಹತ್ತುವ ಮುಂಚೆ. ಒಂದು ಮದುವೆಯಲ್ಲಿ ನಮಗೆ "ನಾಳೆ ಬರ್ರಿ, ಕೊಡ್ತೀವಿ" ಅಂದರು. ಆ ನಾಳೆ ಬರಲೇ ಇಲ್ಲ. ಗುಂಪಿನ ಕಾಲೇಜು ಹುಡುಗರು ತಮ್ಮ ಜೇಬಿನಿಂದ ಗಾಡಿ ಬಾಡಿಗೆ ಕೊಟ್ಟು ಬಂದಿದ್ದರು, ಅದು ನನಗೆ ಈಗಲೂ ಸಂಕಟ.

ಬೇರೆಯವರ ಹಾಡು ನುಡಿಸೋಕೆ ಲೈಸೆನ್ಸ್ ಬೇಕಾ? ರಾತ್ರಿ ಎಷ್ಟರವರೆಗೆ ನುಡಿಸಬಹುದು?

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಕೆಲವಕ್ಕೆ ವಿನಾಯಿತಿ ಇದೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ನುಡಿಸುವುದು, ಶಾಲೆ-ಕಾಲೇಜಿನಲ್ಲಿ ಅಲ್ಲಿನವರೇ ತಮ್ಮವರ ಮುಂದೆ ನುಡಿಸುವುದು, ಧಾರ್ಮಿಕ ಸಮಾರಂಭ, ಮದುವೆಯ ಸಂಭ್ರಮ ಇವು ಅದರಲ್ಲಿ ಬರುತ್ತವೆ. ಟಿಕೆಟ್ ಇಟ್ಟ ಕಾರ್ಯಕ್ರಮ, ಹೋಟೆಲ್ ಕಾರ್ಯಕ್ರಮಕ್ಕೆ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಯ ಲೈಸೆನ್ಸ್ ಬೇಕಾಗುತ್ತದೆ. ಅದನ್ನು ಇಡಿಸುವವರು ಮಾಡಿಸಲಿ, ನೀವು ಕೇಳಿ ಖಚಿತ ಮಾಡಿಕೊಳ್ಳಿ.

2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಬಹುದು. ಜನ ಕುಣಿಯುವ ಹಾಡನ್ನು ಒಂಬತ್ತೂವರೆಗೇ ನುಡಿಸಿಬಿಡಿ.

ಬ್ಯಾಂಡ್‌ಗಳು ಯಾಕೆ ಇಷ್ಟು ಬೇಗ ಒಡೆಯುತ್ತವೆ?

ಸಂಗೀತದ ಕಾರಣಕ್ಕೆ ಒಡೆಯುವುದು ಕಮ್ಮಿ. ಇಂಜಿನಿಯರಿಂಗ್ ಮುಗಿಸಿದ ಡ್ರಮ್ಮರ್ ಬೆಂಗಳೂರಿಗೋ ಪುಣೆಗೋ ಹೋಗುತ್ತಾನೆ. ಗಾಯಕಿಯ ಮದುವೆಯಾಗಿ ಊರು ಬದಲಾಗುತ್ತದೆ. ಗಿಟಾರ್‌ನವನು ದನಿ ಏರಿಸುತ್ತಾನೆ, ಕೀಬೋರ್ಡ್‌ನವರೂ ಏರಿಸುತ್ತಾರೆ, ಮಾತು ಬೆಳೆಯುತ್ತದೆ. ಮೂವತ್ತು ಹಾಡು ಕೈಗೆ ಕೂತು, ಒಬ್ಬರ ಉಸಿರು ಒಬ್ಬರಿಗೆ ಗೊತ್ತಾಗುವ ಹೊತ್ತಿಗೆ ಒಬ್ಬರು ಹೊರಟು ನಿಲ್ಲುತ್ತಾರೆ. ಈ ಹವ್ಯಾಸದ ನಿಜವಾದ ನೋವು ಅದು. ಚಪ್ಪಾಳೆ ಬರದ ರಾತ್ರಿಗಿಂತ ಅದು ಜಾಸ್ತಿ ಕಾಡುತ್ತದೆ.

ಹೋಗುವವರನ್ನು ತಡೆಯಲು ಆಗಲ್ಲ. ಹಾಡಿನ ಶ್ರುತಿ, ಕಾರ್ಡ್, ಎಲ್ಲಿ ನಿಲ್ಲಬೇಕು, ಎಲ್ಲಿ ಎರಡು ಸಲ ಅನ್ನುವುದನ್ನೆಲ್ಲ ಒಂದೇ ಕಡೆ ಬರೆದಿಡಿ. ಹೊಸಬರು ಬಂದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಜಗಳ ಆದರೂ ಮಾತು ಬಿಡಬೇಡಿ. ಬೆಳಗಾವಿ ದೊಡ್ಡ ಊರಲ್ಲ, ಮುಂದಿನ ಗಣಪತಿಗೆ ಅದೇ ಸ್ಟೇಜ್ ಮೇಲೆ ಮತ್ತೆ ಸಿಗುತ್ತೀರಿ.

ಬೇಸ್ ನುಡಿಸುವವರನ್ನು ಯಾರೂ ಗಮನಿಸಲ್ಲ. ಬೇಜಾರಾಗಲ್ವಾ?

ವೀಡಿಯೊದಲ್ಲಿ ಅರ್ಧ ಕೈ ಮಾತ್ರ ಕಂಡಾಗ ಆಗುತ್ತದೆ. ಆದರೆ ನಾನು ಒಂದು ಸ್ವರ ತಡೆದು ಬಿಟ್ಟಾಗ ಇಡೀ ಗುಂಪಿನ ನಡೆ ಬದಲಾಗುವುದನ್ನು ನಾನು ನೋಡುತ್ತೇನೆ. ಗಾಯಕಿ ತಾನ ತೆಗೆದು ದಾರಿ ತಪ್ಪಿದಾಗ ಸಾ ಗಟ್ಟಿಯಾಗಿ ಹಿಡಿದರೆ ಅವರು ಅಲ್ಲಿಗೇ ಬಂದು ಸೇರುತ್ತಾರೆ. ಹಾಡು ಮುಗಿದ ಮೇಲೆ ಅವರು ತಿರುಗಿ ಒಮ್ಮೆ ತಲೆ ಆಡಿಸುತ್ತಾರೆ. ನನಗೆ ಅಷ್ಟು ಸಾಕಾಗುತ್ತದೆ.

ಮಳೆಗಾಲದಲ್ಲಿ ತಂತಿ ತುಕ್ಕು ಹಿಡಿಯುತ್ತೆ. ಏನು ಮಾಡಲಿ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಒದ್ದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸಿ, ಚೀಲದಲ್ಲಿ ಸಿಲಿಕಾ ಜೆಲ್ ಇಡಿ. ಕುತ್ತಿಗೆ ಬಾಗಿದರೆ ಒಳಗಿನ ಸರಳನ್ನು ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಲೇ ತಿರುಗಿಸಬೇಡಿ. ಮಂಕಾದ ತಂತಿಯನ್ನು ಬಿಚ್ಚಿ ನೀರಿನಲ್ಲಿ ಕುದಿಸಿ ಚೆನ್ನಾಗಿ ಒಣಗಿಸಿದರೆ ಸ್ವಲ್ಪ ದಿನ ಮತ್ತೆ ಮೊಳಗುತ್ತದೆ.

ಕಿವಿಗೆ ತೊಂದರೆ ಆಗುತ್ತಾ?

ಆಗುತ್ತದೆ. 85 ಡೆಸಿಬೆಲ್ ದನಿಯನ್ನು 8 ಗಂಟೆ ತಡೆಯಬಹುದು ಅಂತ ಲೆಕ್ಕ ಇದೆ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ ಆಗುತ್ತದೆ. 100 ಡೆಸಿಬೆಲ್ ಆದರೆ 15 ನಿಮಿಷ ಅಷ್ಟೇ. ಇಯರ್‌ಪ್ಲಗ್ ಹಾಕಿ, ಗುಂಪಿನ ಚಿಕ್ಕವರಿಗೂ ಕೊಡಿಸಿ.

ಹುಡುಗಿಯರು ಬೇಸ್ ನುಡಿಸ್ತಾರಾ?

ಖಂಡಿತ. ಎ.ಆರ್. ರೆಹಮಾನ್ ಜೊತೆ ನುಡಿಸಿದ ಮೋಹಿನಿ ಡೇ ಮುಂಬೈಯವರು. ಅಮೆರಿಕದಲ್ಲಿ ಕ್ಯಾರಲ್ ಕೇ 1960ರ ದಶಕದ ಎಷ್ಟೋ ರೆಕಾರ್ಡಿಂಗ್‌ಗಳಿಗೆ ಬೇಸ್ ನುಡಿಸಿದರು. ಕೈ ಚಿಕ್ಕದು ಅನಿಸಿದರೆ, ಗಂಡಸರಾಗಲಿ ಹೆಂಗಸರಾಗಲಿ, ತಂತಿಯ ಅಳತೆ 30 ಇಂಚು ಇರುವ ಬೇಸ್ ಸಿಗುತ್ತದೆ.

ನನಗೆ ನಲವತ್ತು ದಾಟಿದೆ. ಈಗ ಶುರು ಮಾಡಬಹುದಾ?

ಮಾಡಿ. ಈ ವಯಸ್ಸಿನವರಲ್ಲಿ ತಾಳ್ಮೆ ಇರುತ್ತದೆ, ಕಮ್ಮಿ ನುಡಿಸಲು ನಾಚಿಕೆ ಇರುವುದಿಲ್ಲ. ದಿನಾ ಇಪ್ಪತ್ತು ನಿಮಿಷ, ಟಿಕ್ ಟಿಕ್ ಅಂತ ಲಯ ಹಿಡಿದು ಕೊಡುವ ಮೆಟ್ರೋನೋಮ್ ಜೊತೆ ಒಂದೇ ತಂತಿ, ತೋರುಬೆರಳು ನಡುಬೆರಳು ಬದಲಿಸುತ್ತಾ ನುಡಿಸಿ. ಎರಡನೇ ತಿಂಗಳಿಂದ ನಿಮಗೆ ಬಾಯಿಪಾಠ ಇರುವ ನಾಲ್ಕು ಹಾಡು ತಗೊಳ್ಳಿ, ಬರೀ ಮೂಲಸ್ವರ ಹಿಡಿದು ಕೊನೆವರೆಗೆ ನಿಲ್ಲದೆ ನುಡಿಸಿ. ಅಷ್ಟು ಆದ ಮೇಲೆ ಒಬ್ಬರೇ ಕೂರಬೇಡಿ, ಗುಂಪು ಹುಡುಕಿ. ಗಿಟಾರ್ ನುಡಿಸುವವರು ಪ್ರತಿ ಓಣಿಯಲ್ಲಿದ್ದಾರೆ, ಬೇಸ್‌ನವರಿಗಾಗಿ ಕಾಯುವ ಗುಂಪು ಈ ಊರಲ್ಲಿ ಸಿಕ್ಕೇ ಸಿಗುತ್ತದೆ. ಯಾವುದು ಅಂತ ಸೌಂಡ್‌ನವರನ್ನು ಕೇಳಿ. ಯಾವ ಗುಂಪಿನಲ್ಲಿ ಯಾರಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.